ಕಲ್ಲಿನ ಕೊನೆಯ ಎರಡು ಸಾಲು

ಹೋದ ವರ್ಷ ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ, ಹಾನಗಲ್ಲಿನ ಬಸ್ ನಿಲ್ದಾಣದ ಹಿಂದಿನ ಡಿಟಿಪಿ ಅಂಗಡಿಯಲ್ಲಿ, ಟೈಪ್ ಮಾಡುವವನ ಕುರ್ಚಿಯ ಬಲಕ್ಕೆ ನಾನು ನಿಂತಿದ್ದೆ. ಪರದೆ ಪೂರ್ತಿ ಕಾಣುತ್ತಿತ್ತು.

ನಮ್ಮೂರ ಗುಡಿಯ ಮುಂದಿನ ಶಾಸನದ ಬಗ್ಗೆ ನಾನು ಬರೆದ ಕಿರುಪುಸ್ತಕ ಅದು. ಕಲ್ಲಿನ ಮೇಲೆ ಓದಲು ಸಿಕ್ಕ ಮಾತನ್ನು ಉದ್ಧರಣ ಚಿಹ್ನೆಗಳ ಒಳಗೆ ಇಟ್ಟಿದ್ದೆ. ಕೊನೆಯ ಎರಡು ಸಾಲು ಸವೆದಿವೆ. ಅಲ್ಲಿ ಏನಿದ್ದೀತೆಂಬ ಊರವರ ಊಹೆಯನ್ನು ಚಿಹ್ನೆಯ ಹೊರಗೆ, ಓರೆ ಅಕ್ಷರದಲ್ಲಿ ಕೊಟ್ಟಿದ್ದೆ: ಕೆರೆಯ ಕೆಳಗಿನ ಹೊಲ ಗುಡಿಗೆ ಸೇರಿದ್ದು. ಆ ಹೊಲ ಮಾಡುತ್ತಿರುವವಳು ನಮ್ಮ ಓಣಿಯ ಅಕ್ಕ, ಗಂಡ ತೀರಿದವಳು. ಅವಳಿಗೆ ಬೇರೆ ಹೊಲವಿಲ್ಲ.

ಗುಡಿ ಕಮಿಟಿಯ ಯಜಮಾನರು ಎಡಕ್ಕೆ ಕುಳಿತಿದ್ದರು. "ಏ ತಮ್ಮಾ, ಈ ಅಕ್ಷರ ಯಾಕ ಕುಡದವರಂಗ ವಾಲ್ಯಾವ? ನೆಟ್ಟಗ ನಿಂದ್ರಸು."

"ಹಂಗ ಇರ್ಲಿರಿ," ಎಂದೆ. "ಅದು ಮಂದಿ ಮಾತು, ಕಲ್ಲಿನ ಮಾತಲ್ಲ."

"ಆತು ಬಿಡ್ರಿ ಮಾಸ್ತರ. ನೀವು ನಡೀರಿ, ನಾ ಚಾ ಕುಡದು ಬರ್ತೇನಿ."

ನಾನು ಹೊರಡುವಾಗ ಅಕ್ಷರಗಳು ಓರೆಯಾಗಿಯೇ ಇದ್ದವು.

ಅಚ್ಚಾಗಿ ಬಂದಾಗ ನೆಟ್ಟಗಿದ್ದವು. "ಫಾಂಟ್ ಬದಲಾತ್ರಿ ಸರ್," ಎಂದ ಟೈಪ್ ಮಾಡುವವನು, ಪರದೆಯಿಂದ ಕಣ್ಣೆತ್ತದೆ. ಇರಬಹುದು. ಆದರೆ ಉದ್ಧರಣ ಮುಚ್ಚುವ ಚಿಹ್ನೆ ಎರಡು ಸಾಲು ದಾಟಿ ಕೂತಿತ್ತು; ಊರವರ ಊಹೆ ಈಗ ಕಲ್ಲಿನ ಮಾತಾಗಿತ್ತು. ಚಿಹ್ನೆ ತಾನಾಗಿ ನಡೆದು ಹೋಗುವುದಿಲ್ಲ.

ಮರುವಾರ ಯಜಮಾನರು ಗುಡಿಯ ಕಟ್ಟೆಯ ಮೇಲೆ ಹೊಲ ಗುಡಿಯದೆಂಬ ಆ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಅಕ್ಕ ಸೆರಗಿನಲ್ಲಿ ಜೋಳದ ಹಿಟ್ಟು ತಂದಿದ್ದಳು. "ಪುಸ್ತಕ ಬ್ಯಾಡ್ರಿ, ಕಲ್ಲ ಓದ್ರಿ," ಎಂದು ಶಾಸನಕ್ಕೆ ಹಿಟ್ಟು ಸವರಿದಳು. ಮೇಲಿನ ಅಕ್ಷರಗಳು ಬೆಳ್ಳಗೆ ಎದ್ದು ಬಂದವು. ಕೆಳಗೆ ಬರೀ ಹಿಟ್ಟು.

"ಎಣ್ಣಿ ಹೊಯ್ದು ಹೊಯ್ದು ಸವದೈತಿ. ಮೊದಲ ಇತ್ತು," ಎಂದರು ಯಜಮಾನರು.

"ನೀವು ನೋಡಿದ್ರೇನ್ರಿ ಯಪ್ಪಾ? ಕೈ ಇಟ್ಟು ಹೇಳ್ರಿ."

ನಮ್ಮೂರಲ್ಲಿ ಆ ಕಲ್ಲು ಮುಟ್ಟಿ ಯಾರೂ ಸುಳ್ಳು ಹೇಳುವುದಿಲ್ಲ. ಯಜಮಾನರು ತಮ್ಮ ಅಂಗೈ ನೋಡಿಕೊಂಡರು. "ಕೈ ಯಾಕ ಹಿಟ್ಟು ಮಾಡ್ಕೊಳ್ಳಲಿ?" ಎಂದು ನಕ್ಕರು. ಬೇರೆ ಯಾರೂ ನಗಲಿಲ್ಲ. ಪುಸ್ತಕ ಮಡಿಚಿ ಹೋದರು.

ಅಕ್ಕ ಈ ಸಲವೂ ಬಿತ್ತಿದ್ದಾಳೆ. ಆದರೆ ಪುಸ್ತಕ ಮನೆಮನೆಯಲ್ಲಿದೆ. ಮುಂದೆ ಅದನ್ನು ಓದುವವರು ಹಿಟ್ಟು ತರುತ್ತಾರೆಂಬ ನಂಬಿಕೆ ನನಗಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಅಂಗಡಿಯಲ್ಲಿ ಓರೆ ಅಕ್ಷರ ನೋಡಿದವರು ನನ್ನ ಜೊತೆ ಯಜಮಾನರು, ಟೈಪ್ ಮಾಡಿದವನು; ಅವನೀಗ ಶಿಗ್ಗಾಂವಿಯಲ್ಲಿದ್ದಾನೆ. ಕಲ್ಲಿನ ಮುಂದೆ ನನ್ನ, ಯಜಮಾನರ ಜೊತೆ ಇದ್ದವರು ಅಕ್ಕ, ಗುಡಿಯ ಪೂಜಾರಿ, ಸವಣೂರಿನಿಂದ ವೀಳ್ಯದೆಲೆ ಮಾರಲು ಬಂದಿದ್ದ ಚಾಚಾ. ಎಲ್ಲರೂ ಬದುಕಿದ್ದಾರೆ.