ಗೋಡೆಗೆ ಉಣಿಸುವ ನೀರು

ಹುಳಿತ ಬೆಲ್ಲದ ವಾಸನೆ ನಿಮಗೆ ಗೊತ್ತಲ್ಲ? ಮನೆಯಲ್ಲಾದರೆ ಮೂಗು ಮುಚ್ಚಿಕೊಳ್ಳುತ್ತೀರಿ. ಕಳೆದ ವಾರ ಹಾವೇರಿಯ ವಿಜ್ಞಾನ ಮೇಳವೊಂದರಲ್ಲಿ ಅದು ಗಪ್ಪನೆ ಬಂದಾಗ ನಾನು ಮುಚ್ಚಿಕೊಳ್ಳುವಂತಿರಲಿಲ್ಲ. ರಸಾಯನಶಾಸ್ತ್ರದ ನಿವೃತ್ತ ಮಾಸ್ತರನೆಂದು ಕರೆದು ಕೊರಳಿಗೆ ಹಾರ ಹಾಕಿ ಕೂರಿಸಿದ್ದರು. ಎದುರಿಗೆ ನನ್ನ ಹಳೆಯ ವಿದ್ಯಾರ್ಥಿನಿ ಸುಮಂಗಲಾ, ಈಗ ತಾನೂ ಪಾಠ ಮಾಡುವವಳು, ಬಾಟಲಿಯ ಮುಚ್ಚಳ ತೆಗೆದು ಹಿಡಿದಿದ್ದಳು.

"ಬ್ಯಾಕ್ಟೀರಿಯಾ ಅದಾವ ಸರ್ ಇದರಾಗ. ಬೆಲ್ಲದ ಕಾಕಂಬಿ ಹಾಕಿ ಬೆಳಸೇವಿ. ಗೋಡಿ ಬಿರುಕಿಗೆ ದಿನಾ ಹನಿಸಿದ್ರ ಸುಣ್ಣದಕಲ್ಲು ಕಟ್ಟತಾವ, ಬಿರುಕು ತಾನ ಮುಚ್ಚತೈತಿ. ಹೊಸಾ ವಿಚಾರ ಸರ್."

ಹೊಸಾ ವಿಚಾರ. ನಾನೂ ತಲೆಯಾಡಿಸಿದೆ, ಮೈಕು ಕೈಗೆ ಬಂದಾಗ ಹಾಗೆಯೇ ಹೊಗಳಿದೆ. ನನ್ನ ನಾಲಿಗೆಗೆ ನಾಚಿಕೆಯಿಲ್ಲ.

ಬ್ಯಾಡಗಿಯಲ್ಲಿ ನಮ್ಮದು ಹಳೇ ಗಾರೆಯ ಮನೆ. ನಾನು ರಾಣೆಬೆನ್ನೂರಿನ ಕಾಲೇಜಿಗೆ ಹೊಸದಾಗಿ ಸೇರಿ, ದಿನಾ ಮುಂಜಾನೆ ಮೆಣಸಿನಕಾಯಿ ಘಾಟಿಗೆ ಸೀನುತ್ತ ಬಸ್ಸು ಹತ್ತುತ್ತಿದ್ದ ಕಾಲದಲ್ಲಿ ಪಡಸಾಲೆಯ ಗೋಡೆ ಮೇಲಿಂದ ಕೆಳಗೆ ಬಿರಿಯಿತು. ಅವ್ವ ಗಾರೆ ಕೆಲಸದ ಹಸನಸಾಬ ಕಾಕಾನನ್ನು ಕರೆಸಿದಳು. ಕಾಕಾ ಕರಣೆಗಿಂತ ಮೊದಲು ಒಳಗೆ ತಂದದ್ದು ಒಂದು ಗಡಿಗೆ. ಅದರಲ್ಲಿ ಬೆಲ್ಲ, ಅಳಲೆಕಾಯಿ ಹಾಕಿ ಹುಳಿಸಿದ ನೀರು. ಹಾಲಿಗೆ ಹೆಪ್ಪು ಹಾಕುತ್ತೇವಲ್ಲ, ಹಾಗೆ ಹಳೇ ನೀರನ್ನು ಒಂದಿಷ್ಟು ಉಳಿಸಿಕೊಂಡು ಹೊಸ ನೀರಿಗೆ ಬೆರೆಸುವುದು ಅವರ ಮನೆತನದ ಪದ್ಧತಿ. ಕಾಕಾನ ಅಪ್ಪನ ಕೈಯಿಂದ ಬಂದ ಆ ಹೆಪ್ಪು ಒಮ್ಮೆಯೂ ತಪ್ಪಿಹೋಗಿರಲಿಲ್ಲ. ಬಿರುಕಿಗೆ ಸುಣ್ಣದ ಗಾರೆ ತುಂಬಿ, ಆ ನೀರನ್ನು ದಿನಾ ಅರಿವೆಯಲ್ಲಿ ಅದ್ದಿ ಹನಿಸುತ್ತಿದ್ದರು.

"ಗೋಡಿಗೆ ಉಣಸಾಕತ್ತೇನಿ ಮಾಸ್ತರ" ಎನ್ನುತ್ತಿದ್ದರು. "ಈ ನೀರಾಗ ಜೀವ ಐತಿ. ಅದು ಉಸಿರಾಡಿದ್ರನ ಸುಣ್ಣ ಕಲ್ಲಾಗತೈತಿ."

ನಾನು ನಗುತ್ತಿದ್ದೆ. ಮಜಾ ಕೇಳಿ: ಅದೇ ವಾರ ತರಗತಿಯಲ್ಲಿ ಸುಣ್ಣದ ತಿಳಿನೀರಿಗೆ ಕೊಳವೆಯಿಂದ ಉಸಿರು ಊದಿ, ಅದು ಹಾಲಿನಂತಾಗುವುದನ್ನು ಹುಡುಗರಿಗೆ ತೋರಿಸಿದ್ದೆ. ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದ ಜೊತೆ ಕೂಡಿ ಸುಣ್ಣದಕಲ್ಲಿನ ಪುಡಿಯಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದೂ ಇದ್ದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅಂತಾರೆ. ನನಗೆ ಒಕ್ಕಾಲು ಮಾತ್ರ ಬಂದಿತ್ತು.

ಮೇಲಿನ ಅರ್ಧ ಬಿರುಕು ಮುಚ್ಚಿತ್ತು. ಅಷ್ಟರಲ್ಲಿ ಕುಪ್ಪೇಲೂರಿನಲ್ಲಿದ್ದ ತಂಗಿಗೆ ಹುಷಾರಿಲ್ಲವೆಂದು ಕಾಕಾಗೆ ಸುದ್ದಿ ಬಂತು. ಹೊರಡುವಾಗ ಗಡಿಗೆಯನ್ನು ನನ್ನ ಮುಂದೆ ಇಟ್ಟರು.

"ನೆರಳಾಗ ಇಡ್ರಿ ಮಾಸ್ತರ. ಒಂದೀಟು ಬೆಲ್ಲ ಹಾಕ್ರಿ, ಸಾಕು. ಮನಿಯಾಗಿನ ಹೆಪ್ಪು ತೀರೈತಿ, ಇದೊಂದ ಉಳದೈತಿ."

ಮೂರನೇ ದಿನಕ್ಕೆ ನನಗೆ ವಾಸನೆ ತಡೆಯಲಾಗಲಿಲ್ಲ. ಮುಚ್ಚಳ ತೆಗೆದರೆ ಮೇಲೆಲ್ಲ ಕೆನೆಗಟ್ಟಿತ್ತು. ಕ್ರಿಮಿ ಎಂದುಕೊಂಡೆ, ಅದು ಸರಿಯೂ ಇತ್ತು ಅನ್ನಿ. ನೀರನ್ನು ಗಟಾರಕ್ಕೆ ಚೆಲ್ಲಿ, ಗಡಿಗೆಗೆ ಫಿನಾಯಿಲ್ ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದೆ. ಕಾಕಾ ಬಂದಾಗ ನಾನೇ ಕರೆದು ಹೆಮ್ಮೆಯಿಂದ ತೋರಿಸಿದೆ.

ಅವರು ಬೈಯಲಿಲ್ಲ. ಗಡಿಗೆ ಎತ್ತಿ ಮೂಸಿ ನೋಡಿದರು. "ಸ್ವಚ್ಛ ಮಾಡೀರಿ" ಅಂದರು, ಅಷ್ಟೇ. ಬೈದಿದ್ದರೆ ನಾನು ಇಷ್ಟು ವರ್ಷ ನೆನೆಯುತ್ತಿರಲಿಲ್ಲವೇನೋ.

ಆಮೇಲೆ ಕಾಕಾ ಎಷ್ಟು ಸಲ ಹೊಸದಾಗಿ ಹುಳಿಸಿದರೂ ನೀರು ಬೂಸರು ಹಿಡಿಯಿತು, ಗಾರೆ ಉದುರಿತು. ಕೆಲಸಕ್ಕೆ ಕರೆಯುವವರು ಕಡಿಮೆಯಾದರು. ನಮ್ಮ ಗೋಡೆಯ ಕೆಳಗಿನ ಅರ್ಧಕ್ಕೆ ನಾನು ಸಿಮೆಂಟು ಮೆತ್ತಿಸಿದೆ. ಮುಂದೊಂದು ದಿನ ರಾಣೆಬೆನ್ನೂರಿನ ಬಸ್ ನಿಲ್ದಾಣದ ಹತ್ತಿರ ಕಾಕಾ ಯಾರದೋ ಕಟ್ಟಡಕ್ಕೆ ಸಿಮೆಂಟಿನ ಬುಟ್ಟಿ ಹೊರುವುದನ್ನು ಕಂಡೆ. ಮಾತಾಡಿಸಲಿಲ್ಲ. ಬಸ್ಸು ಬಂತು ಎಂಬುದೊಂದು ನೆವ. ಅವರೀಗ ಇಲ್ಲ.

ಮೇಳ ಮುಗಿಸಿ, ಸುಮಂಗಲಾ ಕೊಟ್ಟ ಬಾಟಲಿ ಹಿಡಿದು ಮನೆಗೆ ಬಂದವನು ನೇರ ಆ ಗೋಡೆಯ ಮುಂದೆ ನಿಂತೆ. ಕಾಕಾ ಉಣಿಸಿದ ಮೇಲಿನ ಅರ್ಧ ಉಗುರಿಗೂ ಸಿಗದಂತೆ ಕೂಡಿಕೊಂಡಿದೆ. ನನ್ನ ಸಿಮೆಂಟು ಎದ್ದು, ಬೆರಳು ಹೋಗುವಷ್ಟು ಬಾಯಿ ಬಿಟ್ಟಿದೆ.

"ಏನ್ರಿ ಇದು ಗಬ್ಬು ವಾಸನಿ, ಗಟಾರಕ್ಕ ಚೆಲ್ರಿ" ಎಂದಳು ಹೆಂಡತಿ.

"ಇರಲಿ ಬಿಡು" ಅಂದೆ. ಬಾಟಲಿಯನ್ನು ನೆರಳಿಗೆ ಸರಿಸಿಟ್ಟು, ಒಂದು ಚೂರು ಬೆಲ್ಲ ಹಾಕಿದೆ. ಕಾಕಾ ನನ್ನನ್ನು ಕೇಳಿದ್ದು ಇಷ್ಟೇ.