ಜೊಳ್ಳೇ ಮೇಲೆ ಬರುತ್ತದೆ ಎಂದುಕೊಂಡಿದ್ದೆ

ನನಗೆ ಜ್ವರ ಬರಲಿಲ್ಲ. ನೋವೂ ಇರಲಿಲ್ಲ. ಹೊಸೂರಿನ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ, ಬಾಗಲೂರಿನ ಹತ್ತಿರದ ನಮ್ಮೂರಿಗೆ ಬೈಕಿನಲ್ಲಿ ಬಂದು, ಎರಡು ಮುದ್ದೆ ಉಂಡು ಮಲಗಿದರೆ ಬೆಳಗಿನವರೆಗೆ ಗೊರಕೆ. ಇಂಥವನಿಗೆ ಕಾಯಿಲೆ ಎಂದರೆ ಯಾರು ನಂಬುತ್ತಾರೆ? ಮಕ್ಕಳಾಗಲಿಲ್ಲವೆಂದು ಸ್ಕ್ಯಾನು, ಇಂಜೆಕ್ಷನ್ನು, ಹರಕೆ ಎಲ್ಲವನ್ನೂ ವರ್ಷಗಟ್ಟಲೆ ಸಹಿಸಿದವಳು ನನ್ನ ಹೆಂಡತಿ ಪುಷ್ಪ. ನನ್ನ ಸರದಿ ಕೊನೆಗೆ ಬಂತು. ಡಾಕ್ಟರಮ್ಮ ರಿಪೋರ್ಟ್ ನೋಡಿ ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ನನ್ನ ಸ್ಪರ್ಮ್ ಕೌಂಟ್ ಸರಿಯಾಗಿದೆ. ಆದರೆ ಡಿಎನ್ಎ ಫ್ರಾಗ್ಮೆಂಟೇಷನ್ ಜಾಸ್ತಿ. ಹೊರಗಿನಿಂದ ಚೆನ್ನಾಗಿ ಕಾಣುವ ಎಷ್ಟೋ ವೀರ್ಯಾಣುಗಳು ಒಳಗೆ ಮುರಿದಿವೆ.

ತೊಂದರೆ ನನ್ನದು.

ನಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಅಷ್ಟು ವರ್ಷ ಪುಷ್ಪಳ ತಟ್ಟೆಯಲ್ಲಿ ನೊಣ ಹುಡುಕಿದ್ದೆವು. ಅವಳು ರಿಪೋರ್ಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು.

ಹೊಟ್ಟೆಕಿಚ್ಚು ಅವತ್ತು ಹುಟ್ಟಿತು ಎಂದರೆ ಸುಳ್ಳಾಗುತ್ತದೆ. ಅದು ಮೊದಲೇ ಇತ್ತು. ನನ್ನ ತಮ್ಮ ಸೀನನಿಗೆ ಮದುವೆಯಾದ ವರ್ಷದೊಳಗೆ ಮಗ ಹುಟ್ಟಿದ. ಈಗ ಅವನ ಹೆಂಡತಿಗೆ ಮತ್ತೆ ತಿಂಗಳು ನಿಂತಿತ್ತು. ಆ ಮೊದಲ ಮಗನನ್ನು ಕಂಡರೆ ನನಗೆ ಪ್ರಾಣ. ಆದರೆ ಸೀನ ಅವನಿಗೆ "ಏಯ್, ಇಳೀಲಾ ಕೆಳಕ್ಕೆ" ಎಂದು ಗದರುವಾಗ ನನ್ನ ಹೊಟ್ಟೆ ಉರಿಯುತ್ತಿತ್ತು. ಗದರುವಷ್ಟು ಸಲಿಗೆಯ ವಸ್ತು ಅವನಿಗೆ ಪುಕ್ಕಟೆ ಸಿಕ್ಕಿದೆಯಲ್ಲ ಎಂದು.

ನಮ್ಮ ಮನೆಯಲ್ಲೊಂದು ಪದ್ಧತಿ. ರಾಗಿ ಬಿತ್ತುವ ದಿನ ಮೊದಲ ಹಿಡಿ ಬೀಜ ಮಕ್ಕಳೊಂದಿಗನ ಕೈಯಿಂದಲೇ ಬೀಳಬೇಕು. ಅಪ್ಪ ಹೋದ ಮೇಲೆ ಹಿರಿಯ ಮಗನಾದ ನನಗೆ ಬರಬೇಕಾದ ಬುಟ್ಟಿಯನ್ನು ಅಮ್ಮ ಸೀನನ ಕೈಗೆ ಕೊಟ್ಟಳು. ನನ್ನ ಮುಖವನ್ನೂ ನೋಡಲಿಲ್ಲ. ಆ ವರ್ಷ ನಾನು ಶಿಫ್ಟ್ ಇದೆ ಎಂದು ಹೊರಟುಬಿಟ್ಟೆ. ಆಮೇಲೆ ಪ್ರತಿ ವರ್ಷವೂ ಬಿತ್ತನೆಯ ದಿನ ನನಗೆ ಶಿಫ್ಟ್ ಇರುತ್ತಿತ್ತು.

ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವ ಐಸಿಎಸ್ಐ ಮೊದಲ ಸಲ ಫಲಿಸಲಿಲ್ಲ. ಪುಷ್ಪ ಅತ್ತಳು. ನಾನು ಬೈಕ್ ತೊಳೆದೆ.

"ಇನ್ನೊಂದು ಸಲ ನೋಡೋಣ. ಈ ಸಲ ವೀರ್ಯಾಣುವನ್ನು ಚಿಪ್ ಎಂಬ ಪುಟ್ಟ ಸಾಧನದಲ್ಲಿ ಆರಿಸೋಣ. ಗ್ಯಾರಂಟಿ ಕೊಡಲಾರೆ. ಅದೂ ಆಗದಿದ್ದರೆ ಡೋನರ್ ಬಗ್ಗೆ ಯೋಚನೆ ಮಾಡಿ" ಎಂದರು ಡಾಕ್ಟರಮ್ಮ.

ಡೋನರ್ ಎಂದರೆ ವೀರ್ಯ ಕೊಡುವ ಯಾರೋ ಒಬ್ಬ ಗಂಡಸು. ಹೆಸರು ಹೇಳುವುದಿಲ್ಲ, ಮುಖ ತೋರಿಸುವುದಿಲ್ಲ. ಅಂದಿನಿಂದ ಅವನನ್ನು ನಾನೇ ಹುಡುಕತೊಡಗಿದೆ. ಬಸ್ ಸ್ಟ್ಯಾಂಡಿನಲ್ಲಿ ಕ್ರಾಪು ತೀಡಿಕೊಳ್ಳುತ್ತಿದ್ದವನು ಅವನಿರಬಹುದೇ? ಕ್ಯಾಂಟೀನಿನಲ್ಲಿ ಜೋರಾಗಿ ನಗುವ ಆ ಹುಡುಗನೇ? ಕಾಣದವನ ಮೇಲೆ ಹೊಟ್ಟೆಕಿಚ್ಚು ಪಡುವುದು ಬಲು ಕಷ್ಟ, ಬೈಯಲೂ ಹೆಸರಿಲ್ಲ. ಪುಷ್ಪ ಒಮ್ಮೆ ಕೇಳಿಯೇಬಿಟ್ಟಳು.

"ಯಾರ್ನ ಹಂಗೆ ದಿಟ್ಟಿಸಿ ನೋಡ್ತಿದ್ದೀರಿ?"

"ಯಾರೂ ಇಲ್ಲ."

"ನಂಗೆ ಬೇಕಾಗಿರೋದು ಮಗು. ನಿಮಗೆ ಬೇಕಾಗಿರೋದು ಸೀನನ್ನ ಗೆಲ್ಲೋದು" ಎಂದಳು. ಅವಳು ಹೇಳಿದ್ದು ನಿಜವಾಗಿತ್ತು, ಅದಕ್ಕೇ ನನಗೆ ಅಷ್ಟು ಸಿಟ್ಟು ಬಂದಿತ್ತು.

ಎರಡನೆಯ ಸಲ ಸ್ಯಾಂಪಲ್ ಕೊಟ್ಟ ದಿನ ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದರು. ಚಿಪ್‌ನ ತಳಕ್ಕೆ ಸ್ಯಾಂಪಲ್ ಹಾಕುತ್ತಾರೆ. ನಡುವೆ ಸಣ್ಣ ಸಣ್ಣ ತೂತುಗಳಿರುವ ಪೊರೆ. ಸ್ವಲ್ಪ ಹೊತ್ತು ಬಿಟ್ಟು ಮೇಲೆ ಬಂದದ್ದನ್ನು ತೆಗೆದುಕೊಳ್ಳುತ್ತಾರೆ, ತಳದಲ್ಲಿ ಉಳಿದದ್ದನ್ನು ಚೆಲ್ಲುತ್ತಾರೆ.

ಪ್ರತಿ ವರ್ಷ ಅಮ್ಮ ಬಿತ್ತನೆ ರಾಗಿಯನ್ನು ಉಪ್ಪುನೀರಿಗೆ ಹಾಕುತ್ತಾಳೆ. ತೇಲಿದ ಜೊಳ್ಳು ಕೋಳಿಗೆ, ಮುಳುಗಿದ ಗಟ್ಟಿ ಕಾಳು ಹೊಲಕ್ಕೆ. ಇವರು ಗಟ್ಟಿಯನ್ನು ಚೆಲ್ಲಿ ಜೊಳ್ಳನ್ನು ನನ್ನ ಹೆಂಡತಿಯ ಪಾಲಿಗೆ ಇಡುತ್ತಿದ್ದಾರೆ.

"ಬೇಡಿ ಮೇಡಂ" ಎಂದು ಎದ್ದು ನಿಂತೆ. ಗಾಬರಿಯಲ್ಲಿ ತಮಿಳು ಮರೆತುಹೋಗಿತ್ತು. "ಮೇಲಕ್ ಬರೋದು ಜೊಳ್ಳು. ತಳದಾಗಿರೋದ್ನ ತಗೊಳ್ಳಿ. ಮೊದಲ್ನೇ ಸಲಾನೂ ಇದೇ ತಪ್ಪಾಗಿರ್ಬೇಕು."

ಪುಷ್ಪ ನನ್ನ ಮಾತನ್ನು ತಮಿಳಿನಲ್ಲಿ ಹೇಳಲು ಹೋಗಿ, ಅರ್ಧಕ್ಕೇ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದಳು. ಅವಳು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಡಾಕ್ಟರಮ್ಮನೂ ನಕ್ಕರು. "ರಾಗಿ ಸುಮ್ಮನೆ ತೇಲುತ್ತದೆ. ಇದು ಈಜಬೇಕು. ಆ ಪೊರೆಯನ್ನು ತಾನಾಗಿ ಈಜಿ ದಾಟಿದ್ದರಲ್ಲೇ ಮುರಿಯದಿರುವವು ಹೆಚ್ಚು. ನಿಮ್ಮಲ್ಲಿ ಅಂಥವೂ ಇವೆ" ಎಂದರು.

ಅಂಥವೂ ಇವೆ.

ಆ ಎರಡು ಪದಗಳನ್ನು ಬೈಕಿನ ಮೇಲೆ ಊರು ಮುಟ್ಟುವವರೆಗೂ ಹೇಳಿಕೊಂಡೆ.

ಈ ಸಲ ಗರ್ಭ ನಿಂತಿತು. ಸ್ಕ್ಯಾನಿನಲ್ಲಿ ಮಗುವಿನ ಎದೆಬಡಿತ ಕೇಳಿಸಿದಾಗ ಪುಷ್ಪ ನನ್ನ ಕೈ ಹಿಡಿದಳು. ನನಗೆ ಆಗಲೂ ಒಂದಿಷ್ಟು ಹೊಟ್ಟೆಕಿಚ್ಚಾಯಿತು, ಅದು ಅವಳೊಳಗಿದೆ, ನಾನು ಹೊರಗಿದ್ದೇನೆ ಎಂದು. ಚಿಪ್‌ನಿಂದಲೇ ಆಯಿತೋ, ಅದೃಷ್ಟವೋ, ಡಾಕ್ಟರಮ್ಮ ಅದನ್ನು ಖಚಿತವಾಗಿ ಹೇಳಲಿಲ್ಲ. ನಾನೂ ಕೆದಕಲಿಲ್ಲ.

ಮೊನ್ನೆ ರಾಗಿ ಬಿತ್ತಿದೆವು. ಅಮ್ಮ ಬುಟ್ಟಿಯನ್ನು ಎಂದಿನಂತೆ ಸೀನನಿಗೆ ಕೊಟ್ಟಳು. ಅವನು ಅದನ್ನು ನನ್ನ ಕಡೆ ಚಾಚಿದ.

"ಅಣ್ಣಾ, ಈ ಸಲ ನೀನ್ ಹಾಕು."

ಅಮ್ಮ ನಡುವೆ ಬಂದಳು. "ಮೊದ್ಲು ಮಗು ಕೈಗ್ ಬರ್ಲಿ, ಸುಮ್ನಿರಪ್ಪ. ದೃಷ್ಟಿಯಾದಾತು."

ಹೊಟ್ಟೆಯೊಳಗೆ ಅದೇ ಹಳೆಯ ಉರಿ ಎದ್ದಿತು. ಬದುವಿನ ಮೇಲೆ ಪುಷ್ಪ ಕೊಡೆ ಹಿಡಿದು ನಿಂತಿದ್ದಳು, ನಾನೇನು ಮಾಡುತ್ತೇನೆಂದು ನೋಡುತ್ತ.

"ನೀನೇ ಹಾಕ್ಲಾ. ನಿನ್ ಕೈಗುಣ ಚೆನ್ನಾಗೈತೆ" ಎಂದೆ.

ಸೀನ ಮೊದಲ ಹಿಡಿ ಎರಚಿದ. ಆ ದಿನ ನಾನು ರಜೆ ಹಾಕಿದ್ದೆ. ಅವನ ಕೈಯಲ್ಲಿದ್ದ ಬುಟ್ಟಿಗೆ ಕೈಹಾಕಿ ಎರಡನೆಯ ಹಿಡಿಯನ್ನು ನಾನು ಎರಚಿದೆ.