ಬಿಷಪ್ಪರ ಮೇಲೆ ನಾನು ಬರೆದ ಅರ್ಜಿ

ಮೊನ್ನೆ ಸಿಂಧನೂರಿನಿಂದ ಅಂಚೆಯಲ್ಲಿ ಒಂದು ಕಾರ್ಡು ಬಂತು. ನಮ್ಮ ಬಿಷಪ್ಪರು ನಿವೃತ್ತರಾಗುತ್ತಿದ್ದಾರೆ, ಬೀಳ್ಕೊಡುಗೆಗೆ ಬನ್ನಿ ಎಂಬ ಕರೆ. ನೇರಳೆ ನಿಲುವಂಗಿಯ ಅವರ ಫೋಟೋ ನೋಡುತ್ತ ಕೂತೆ. ಒಂದು ಕಾಲಕ್ಕೆ ಇವರ ಮೇಲೆ ದೂರು ಬರೆದವಳು ನಾನೇ ಎಂದರೆ ನೀವು ನಂಬಲಿಕ್ಕಿಲ್ಲ.

ಆಗ ಈ ಸಾಮುವೇಲಪ್ಪನವರು ಲಿಂಗಸುಗೂರಿನ ನಮ್ಮ ಚರ್ಚಿಗೆ ಹೊಸದಾಗಿ ಬಂದ ಪಾದ್ರಿ, ನಮ್ಮ ಮಾತಿನಲ್ಲಿ ಅಯ್ಯನವರು. ಹಟ್ಟಿಯ ಗಣಿಯಲ್ಲಿ ದುಡಿದವರ ಮಗ. ಓದು ದೊಡ್ಡದು, ನಾಲಿಗೆ ಮಾತ್ರ ತೊದಲು. ಅದರಲ್ಲೂ ‘ಪ್ರ’ ಬಂದರೆ ಮುಗಿಯಿತು. ‘ಪ್ರಭು’ವೂ ‘ಪ್ರಾರ್ಥನೆ’ಯೂ ಇಲ್ಲದೆ ಯಾವ ಪಾದ್ರಿಗೆ ಭಾನುವಾರ ಕಳೆದೀತು? ಅವರು ಸಿಕ್ಕಿಕೊಂಡಾಗಲೆಲ್ಲ ಗಂಡಸರು ಗಡಿಯಾರ ನೋಡುತ್ತಿದ್ದರು, ಹೆಂಗಸರು ಬಾಯಿಗೆ ಸೆರಗು ಹಿಡಿಯುತ್ತಿದ್ದರು. ವರ್ಷ ತುಂಬುವುದರೊಳಗೆ ಸಭೆಯ ಹಿರಿಯರು ನನ್ನಲ್ಲಿಗೆ ಬಂದರು.

“ಟೀಚರ್, ನಿಮ್ಮ ಅಕ್ಷರ ಚಂದ ಅದಾವ. ಮ್ಯಾಲಿನವ್ರಿಗೆ ಒಂದು ಅರ್ಜಿ ಬರೀರಿ.”

ಹೊಗಳಿಕೆಗೆ ನಾನು ಬೇಗ ಕರಗುವವಳು. ‘ಬೋಧಿಸಲು ಬಾರದವರು’ ಎಂದು ದುಂಡಗೆ ಬರೆದೆ. ಅವರಿಗೆ ಮಸ್ಕಿಗೆ ವರ್ಗವಾಯಿತು.

ಮಸ್ಕಿಯಲ್ಲಿ ನನ್ನ ಅಕ್ಕನ ಮನೆ. ಅಲ್ಲೇ ನಮ್ಮವ್ವ ಹಾಸಿಗೆ ಹಿಡಿದಳು. ರಜೆಯಲ್ಲಿ ಹೋಗಿ ನೋಡಿದರೆ, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಅಯ್ಯನವರು ಕೂತಿದ್ದಾರೆ. ದಿನಾ ಸಂಜೆ ಬರುತ್ತಿದ್ದರಂತೆ. ಪಾಮನಕಲ್ಲೂರಿನ ತನ್ನ ತವರಿನ ಹಳೆ ಜಗಳಗಳನ್ನೆಲ್ಲ ಅವ್ವ ಒಂದೊಂದಾಗಿ ಹೇಳುವಳು, ಅವರು ತಲೆಯಾಡಿಸುವರು.

“ಮದಲಿನ ಅಯ್ಯನವ್ರು ತಾವ ಮಾತಾಡಿ ಹೋಗ್ತಿದ್ರು. ಇವ್ರು ಕೇಳ್ತಾರ ಬೇ,” ಎಂದಳು ಅವ್ವ. ನನಗೆ ಅವರ ಮುಖ ನೋಡಲಾಗಲಿಲ್ಲ.

ಹೀಗೆ ಕೇಳುತ್ತ ಕೇಳುತ್ತಲೇ ಅವರು ಮೇಲೇರಿದರು. ಬಿಷಪ್ಪರ ಆಯ್ಕೆಗೆ ನಿಂತಾಗ ಹಳ್ಳಿಹಳ್ಳಿಯ ಸಭೆಗಳು ಅವರ ಬೆನ್ನಿಗೆ ನಿಂತವು. ಅಭಿಷೇಕದ ದಿನ ‘ಪ್ರತಿಜ್ಞೆ’ ಎಂಬ ಮಾತಿನಲ್ಲೇ ಸಿಕ್ಕಿಕೊಂಡರು. ಕಿಕ್ಕಿರಿದ ಚರ್ಚು ಅವರತ್ತಲೇ ನೋಡಿತು. ಅವರು ಅವಸರ ಮಾಡಲಿಲ್ಲ. ಕಣ್ಣು ಮುಚ್ಚಿ ನಿಂತು, ಮತ್ತೆ ಶುರುಮಾಡಿ, ಕೊನೆಯ ಸಾಲಿನವರೆಗೂ ಓದಿದರು.

ಹೊರಗೆ ಸಿಕ್ಕಾಗ ಹೇಳಿಯೇಬಿಟ್ಟೆ. “ಆ ಅರ್ಜಿ ಬರದಾಕಿ ನಾನ ರೀ.”

“ಗೊತ್ತದವ್ವಾ. ಓದೀನಿ.”

“ಸಿಟ್ಟು ಬರಲಿಲ್ಲೇನ್ರಿ?”

“ಬಂದಿತ್ತು. ಭಾಳ ದಿನ ಇತ್ತು.” ನಕ್ಕರು. “ಅದ್ರಾಗ ಒಂದ ತಪ್ಪಿತ್ತು ನೋಡ್ರಿ. ನನಗ ಬೋಧಿಸಾಕ ಬರ್ತಿತ್ತು. ತಡಾ ಆಗ್ತಿತ್ತು, ಅಷ್ಟ.”

ಕಾರ್ಡು ಬಂದ ಮರುದಿನ ಸಭೆಯ ಹಿರಿಯರೊಬ್ಬರು ಮನೆಗೆ ಬಂದರು. ನಮ್ಮ ಈಗಿನ ಪಾದ್ರಿ ಒಬ್ಬ ಹೆಣ್ಣುಮಗಳು. ದನಿ ಸಣ್ಣದು, ಹಿಂದಿನ ಸಾಲಿಗೆ ಕೇಳಿಸುವುದಿಲ್ಲವಂತೆ. ನಾನೊಂದು ಅರ್ಜಿ ಬರೆದುಕೊಡಬೇಕಂತೆ.

“ಬರಿಯಂಗಿಲ್ಲ ರೀ,” ಎಂದೆ. “ಮುಂದಿನ ಸಾಲು ಖಾಲಿ ಅದ. ಬರ್ರಿ, ಅಲ್ಲಿ ಕೂಡೂಣು.”

ಈ ಭಾನುವಾರ ಇಬ್ಬರೂ ಹೋಗಿ ಕೂತೆವು. ಎಲ್ಲ ಕೇಳಿಸಿತು.